ಫ್ರೆಂಚ್ ಮ್ಯಾಂಟಲ್ ಗಡಿಯಾರ: ಕಂಚಾ, ಸತುವಾ?

19ನೇ ಶತಮಾನದ ಫ್ರೆಂಚ್ ಮ್ಯಾಂಟಲ್ ಗಡಿಯಾರಗಳಲ್ಲಿ (ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಡುವಂಥವು) ಚಿನ್ನದ ಲೇಪದ ಕಂಚಿನವೂ ಇವೆ, ಹಾಗೇ ಕಾಣುವ ಸತುವಿನವೂ ಇವೆ. ಲೋಲಕ ತೆಗೆದು, ಮಗುಚಿ ತಳ ನೋಡಿ. ಲೇಪ ಸವೆದ ಕಡೆ ಹಳದಿ ಲೋಹ ಕಂಡರೆ ಕಂಚು, ಬೂದು ಕಂಡರೆ ಸತು. ಗಡಿಯಾರಕ್ಕೆ ಅಲಂಕಾರಕ್ಕಿಟ್ಟ ಬೊಂಬೆ ಒಳ್ಳೆಯ ಕಂಚಿನದಾದರೆ ಬೆರಳು, ಕೂದಲೆಳೆಗಳನ್ನೂ ಉಳಿಯಿಂದ ತಿದ್ದಿರುತ್ತಾರೆ. ಸತುವಿನಲ್ಲಿ ಅಂಚೆಲ್ಲ ಮೊಂಡು, ಮುರಿದರೆ ಬೆಸೆಯುವುದೂ ಕಷ್ಟ. ಬೆಲೆ ಮಾತ್ರ ಕಡಿಮೆ.

ಯಂತ್ರದ ವಿಷಯ ಬೇರೆ. ಎರಡರಲ್ಲೂ ಹೆಸರಾಂತ ಫ್ರೆಂಚ್ ತಯಾರಕರಾದ ಜಾಪಿ ಫ್ರೆರ್ ಅವರ ಯಂತ್ರ ಇರಬಹುದು, ಸುಮ್ನೆ ಸತುವನ್ನು ತಳ್ಳಿಹಾಕಬೇಡಿ. ಲೋಲಕ ರೇಷ್ಮೆ ದಾರಕ್ಕೆ ನೇತಾಡುತ್ತಿದ್ದರೆ ತೇವ ಜಾಸ್ತಿಯಾದಾಗ ಸಮಯ ಏರುಪೇರಾಗುತ್ತದೆ. ದಿನಾ ಓಡಿಸುವವರಿಗೆ ದಾರದ ಬದಲು ಲೋಲಕವನ್ನು ತೆಳು ಲೋಹದ ಪಟ್ಟಿಗೆ ತೂಗುಹಾಕುವ ಬ್ರೊಕೊ ಸ್ಪ್ರಿಂಗ್ ಇರುವುದೇ ವಾಸಿ: 12ರ ಹತ್ತಿರದ ಪುಟ್ಟ ತೂತಿಗೆ ಕೀಲಿ ಹಾಕಿ ಮುಂದಿನಿಂದಲೇ ವೇಗ ಸರಿಮಾಡಬಹುದು.