ಹಾಸನದ ಯುವಿ ಬಟ್ಟೆ ಪ್ರಿಂಟ್: ಚೀಲಕ್ಕೆ ಸೈ, ಅಂಗಿಗೆ ಬೇಡ

ಹಾಸನದ ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ಕ್ಯಾನ್ವಾಸ್ ಚೀಲ, ಬ್ಯಾನರ್‌ಗಳ ಮೇಲೆ ಯುವಿ (ನೇರಳಾತೀತ ಬೆಳಕಿನಿಂದ ಇಂಕು ಗಟ್ಟಿಮಾಡುವ) ಇಂಕ್‌ಜೆಟ್ ಪ್ರಿಂಟ್ ಮಾಡಿಕೊಡುತ್ತಾರೆ. ಇಂಕಿನ ಹನಿ ಬಟ್ಟೆಯ ಮೇಲೆ ಬಿದ್ದ ಕೂಡಲೇ 395 ನ್ಯಾನೊಮೀಟರ್ ಎಲ್‌ಇಡಿ ಬೆಳಕು ತಾಗಿ ಅದು ಗಟ್ಟಿಯಾಗುತ್ತದೆ. ಹರಡುವುದು ಕಡಿಮೆ, ಸಣ್ಣ ಕನ್ನಡ ಒತ್ತಕ್ಷರವೂ ಚೊಕ್ಕವಾಗಿ ಬರುತ್ತದೆ.

ಕೆಲಸ ಕೆಡುವುದು ಹತ್ತಿಯ ನವಿರು ಎಳೆಗಳಿಂದ. ಮೇಲೆದ್ದ ಎಳೆಯ ಮೇಲೆ ಕೂತ ಇಂಕು ಒಗೆದಾಗ ಎಳೆಯೊಂದಿಗೇ ಉದುರುತ್ತದೆ. ಎಳೆಯ ನೆರಳಿಗೆ, ನೇಯ್ಗೆಯ ಸಂದಿಗೆ ಬೆಳಕು ತಲುಪದೆ ಅಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಇಲ್ಲಿ ಪ್ರಿಂಟಿಗೆ ಮೊದಲು ಹೀಟ್ ಪ್ರೆಸ್‌ನಲ್ಲಿ (ಬಿಸಿ ತಟ್ಟೆಯಿಂದ ಬಟ್ಟೆ ಒತ್ತುವ ಯಂತ್ರ) ಸುಮಾರು 10 ಸೆಕೆಂಡು ಒತ್ತಿ ಎಳೆ ಮಲಗಿಸುತ್ತಾರೆ. ತೇವವೂ ಹೋಗುತ್ತದೆ. ಇದು ತುಂಬಾ ಒಳ್ಳೆಯ ಅಭ್ಯಾಸ, ಮಳೆಗಾಲದ ಮಲೆನಾಡಿಗಂತೂ ಬೇಕೇಬೇಕು.

ಕಪ್ಪು ಬಟ್ಟೆಗೆ ಅಡಿಯಲ್ಲಿ ಬಿಳಿ ಪದರ ಹಾಕಲೇಬೇಕು. ಅದು ದಪ್ಪವಾದರೆ ಮೇಲ್ಭಾಗ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. ಚೀಲ ತೆಗೆದುಕೊಳ್ಳುವಾಗ ಬಿಳಿ ಬಟ್ಟೆಯಿಂದ 10 ಸಲ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಬಂದರೆ, ಘಾಟು ವಾಸನೆ ಇದ್ದರೆ ಮತ್ತೊಮ್ಮೆ ಯುವಿ ದೀಪದಡಿ ಹಾಯಿಸಲು ಹೇಳಿ.

ಅಂಗಿಗೆ, ಮಗುವಿನ ಬಟ್ಟೆಗೆ ಇದು ಬೇಡ. ಪ್ರಿಂಟ್ ಬಿರುಸು, ಗಟ್ಟಿಯಾಗದ ಇಂಕು ಚರ್ಮಕ್ಕೆ ಅಲರ್ಜಿ ತರಬಹುದು. ಅದಕ್ಕೆ ಸ್ಕ್ರೀನ್ ಪ್ರಿಂಟೇ ಸರಿ. ಚೀಲವನ್ನು ಒಳಮೈ ಹೊರಮಾಡಿ ತಣ್ಣೀರಲ್ಲಿ ಒಗೆಯಿರಿ, ಪ್ರಿಂಟಿನ ಮೇಲೆ ನೇರ ಇಸ್ತ್ರಿ ಹಾಕಬೇಡಿ.