‘ಶುಗರ್ ಫ್ರೀ’ ಆಲೂಗಡ್ಡೆ, 5 ಕಿಲೋ ಚೀಲ: ಚಿಪ್ಸಿಗೆ ಸೈ, ಹೆಸರು ಮಾತ್ರ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ, ಇದು ಸಕ್ಕರೆ ಕಾಯಿಲೆಯವರ ಆಲೂಗಡ್ಡೆ ಅಲ್ಲ. ಚೀಲ ಮನೆಗೆ ಬಂದ ದಿನ ನಮ್ಮತ್ತೆ ಅದರ ಮೇಲಿನ ‘ಶುಗರ್ ಫ್ರೀ’ ಓದಿ, "ಹಾಗಾದ್ರೆ ಇವತ್ತು ನಂಗೂ ನಾಲ್ಕು ಬೋಂಡ ಹಾಕಮ್ಮ" ಅಂದರು. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ ಪಾಪ. 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 15 ಗ್ರಾಂ ಪಿಷ್ಟ ಇದ್ದೇ ಇರುತ್ತದೆ, ಅದು ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುವುದು, ಯಾವ ಚೀಲದಿಂದ ಬಂದರೂ ಅಷ್ಟೇ ಅಂತ ಬಿಡಿಸಿ ಹೇಳಿದೆ. ಒಂದು ಬೋಂಡಕ್ಕೆ ರಾಜಿ ಆಯಿತು. ಈ ಹೆಸರು ಹುಟ್ಟಿದ್ದು ಡಾಕ್ಟರ ಹತ್ತಿರ ಅಲ್ಲ, ಉತ್ತರದ ಕಡೆಯ ಮಂಡಿಗಳಲ್ಲಿ, ಚಿಪ್ಸ್ ಕರಿಯುವವರಿಗೆ ಮಾರುವವರ ಬಾಯಲ್ಲಿ.

ನಾನು ತರಿಸಿದ್ದೂ ಚಿಪ್ಸಿಗೇ. ದಸರಾದಲ್ಲಿ ಗೊಂಬೆ ಕೂರಿಸುತ್ತೇವೆ, ಒಂಬತ್ತು ದಿನ ಸಂಜೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ, ಬೊಂಬೆ ಬಾಗಿನ ಅಂತ ಏನಾದರೂ ಕೈಗೆ ಇಡಬೇಕಲ್ಲ. ಹೋದ ವರ್ಷ ನಮ್ಮ ತರಕಾರಿ ಅಂಗಡಿಯಲ್ಲಿ ಒಳ್ಳೆ ದಪ್ಪ, ನುಣುಪಾದ ಗಡ್ಡೆ ಸಿಕ್ಕಿತು. ಬಾಣಲೆಗೆ ಬಿಟ್ಟರೆ ಎರಡೇ ನಿಮಿಷಕ್ಕೆ ಕಂದು, ತೆಗೆಯುವಷ್ಟರಲ್ಲಿ ಕಪ್ಪು, ತಿಂದರೆ ಮೊದಲು ಸಿಹಿ ಆಮೇಲೆ ಕಹಿ. ಅಂಗಡಿಯವರು ಎಣ್ಣೆ ಸರಿಯಿಲ್ಲ ಅಂದರು. ಎಣ್ಣೆ ಬದಲಾಯಿಸಿದೆ, ಉರಿ ಇಳಿಸಿದೆ, ಉಪ್ಪುನೀರಲ್ಲಿ ನೆನೆಸಿದೆ. ಊಹೂಂ. ಒಂದು ಕಿಲೋ ಎಣ್ಣೆ ಹಾಳಾಯಿತು, ಮಕ್ಕಳಿಗೆ ಕೊನೆಗೆ ಬಿಸ್ಕತ್ತು ಕೊಟ್ಟೆ.

ನನ್ನ ತವರು ಹಾಸನದ ಕಡೆ. ಅಲ್ಲಿ ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಹಾಕಿ ಮುಂಗಾರಲ್ಲಿ ಬೆಳೆಯುತ್ತಾರೆ, ಕಿತ್ತ ಗಡ್ಡೆ ಹೆಚ್ಚು ದಿನ ಇಡದೆ ಮಾರಿಬಿಡುತ್ತಾರೆ. ಅಮ್ಮನ ಮನೆಯಲ್ಲಿ ಚಿಪ್ಸ್ ಕಪ್ಪಾದದ್ದು ನನಗೆ ನೆನಪೇ ಇಲ್ಲ, ಅದಕ್ಕೇ ಇದು ನನ್ನ ಕೈಯ ದೋಷ ಅಂದುಕೊಂಡಿದ್ದೆ. ದೋಷ ಇದ್ದದ್ದು ಕೋಲ್ಡ್ ಸ್ಟೋರೇಜಿನಲ್ಲಿ. ಆಗ್ರಾ ಕಡೆಯ ಗಡ್ಡೆ ಫೆಬ್ರವರಿ-ಮಾರ್ಚಲ್ಲಿ ಕಿತ್ತದ್ದು, 2ರಿಂದ 4 ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಕೂತು ದಸರಾ ಹೊತ್ತಿಗೆ ಬೆಂಗಳೂರಿಗೆ ಬರುತ್ತದೆ. ಅಷ್ಟು ಚಳಿಯಲ್ಲಿ ಕೊಳೆಯುವುದಿಲ್ಲ, ಮೊಳಕೆ ಬರುವುದಿಲ್ಲ. ಆದರೆ ಸಿಹಿಯಾಗುತ್ತದೆ.

ಸರಿ, ಈ ಚೀಲಕ್ಕೆ ಬರೋಣ. ಆ್ಯಪಿನಲ್ಲಿ ತರಿಸಿದೆ, ಮಾಮೂಲಿ ಆಲೂಗಡ್ಡೆಗಿಂತ ಕಿಲೋಗೆ 12 ರೂಪಾಯಿ ಜಾಸ್ತಿ. ಗಡ್ಡೆ ಮಧ್ಯಮ ಗಾತ್ರ, ದುಂಡಗೆ, ಕಣ್ಣು ಆಳವಿಲ್ಲ, ಮೊಳಕೆ ಇಲ್ಲ. ಐದು ಕಿಲೋದಲ್ಲಿ ಎರಡು ಮಾತ್ರ ಹಸಿರಾಗಿದ್ದವು, ಎಸೆದೆ. ಅದೇ ದಿನ ಪಕ್ಕದ ಅಂಗಡಿಯಿಂದ ಮಾಮೂಲಿದೂ ಅರ್ಧ ಕಿಲೋ ತಂದೆ. ಒಂದೇ ಮಣೆಯಲ್ಲಿ ಎರಡನ್ನೂ ತುರಿದು, ಎರಡು ಸಲ ತೊಳೆದು, ಬಟ್ಟೆ ಮೇಲೆ ಆರಿಸಿ, ಒಂದೇ ಎಣ್ಣೆಯಲ್ಲಿ ಒಂದರ ಹಿಂದೆ ಒಂದು ಬಿಟ್ಟೆ. ಚೀಲದ್ದು ತಿಳಿ ಹಳದಿ, ಗರಿಗರಿ, ಜಾಲರಿಯಲ್ಲಿ ಎತ್ತಿದರೆ ಸದ್ದು ಬರುವ ಹಾಗೆ. ಅಂಗಡಿಯದ್ದು ಹೋದ ವರ್ಷದ ಕಥೆಯೇ.

ಇಲ್ಲಿಗೆ ಬಿಡಬಹುದಿತ್ತು, ಆದರೆ ಅತ್ತೆಯ ಡ್ರಾಯರಲ್ಲಿ ಮೂತ್ರದ ಸಕ್ಕರೆ ನೋಡುವ ಹಳೇ ಸ್ಟ್ರಿಪ್ ಇತ್ತು. ಗಡ್ಡೆ ಅರ್ಧ ಕತ್ತರಿಸಿ, ಹಸಿ ಮೈಗೆ ಸ್ಟ್ರಿಪ್ ಒತ್ತಿ ಹಿಡಿದೆ. ಹುಚ್ಚಾಟ ಅನ್ನಬೇಡಿ, ಚಿಪ್ಸ್ ಉದ್ಯಮದಲ್ಲೂ ಗ್ಲೂಕೋಸ್ ಸ್ಟ್ರಿಪ್ ಬಳಸುವುದುಂಟು. ಚೀಲದ ಗಡ್ಡೆಗೆ ಬಣ್ಣ ಹೆಚ್ಚುಕಮ್ಮಿ ಬದಲಾಗಲೇ ಇಲ್ಲ. ಅಂಗಡಿಯದ್ದಕ್ಕೆ ಅರ್ಧ ನಿಮಿಷದಲ್ಲಿ ಕಡು ಬಣ್ಣ. ಅತ್ತೆ ಅದನ್ನು ನೋಡಿ, "ಇದಕ್ಕೆ ನನಗಿಂತ ಜಾಸ್ತಿ ಇದೆ" ಅಂದರು.

ಯಾಕೆ ಹೀಗೆ ಅನ್ನುವುದು ಈ ಚೀಲಕ್ಕೆ ಕೊಡುವ 12 ರೂಪಾಯಿಯ ಲೆಕ್ಕ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕಿತ್ತ ಮೇಲೂ ಗಡ್ಡೆಗೆ ಜೀವ ಇರುತ್ತದೆ. ಚಳಿ ತಾಗಿದರೆ ಅದರ ಪಿಷ್ಟ ಒಡೆದು ಸುಕ್ರೋಸ್ ಆಗುತ್ತದೆ, ಅಂದರೆ ನಾವು ಕಾಫಿಗೆ ಹಾಕುವ ಸಕ್ಕರೆಯೇ. ಬರೀ ಅಷ್ಟಾಗಿದ್ದರೆ ಬಾಣಲೆಯಲ್ಲಿ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಇನ್ವರ್ಟೇಸ್ ಅಂತ ಒಂದು ಕಿಣ್ವ ಆ ಸುಕ್ರೋಸನ್ನು ಸೀಳಿ ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಕಾದ ಎಣ್ಣೆಯಲ್ಲಿ ಈ ಎರಡೂ ಗಡ್ಡೆಯ ಅಮೈನೋ ಆಮ್ಲಗಳ ಜೊತೆ ಸೇರಿದಾಗ ಆ ಕಂದು, ಆ ಕಹಿ. ಅದರ ಜೊತೆಗೆ ಆಕ್ರಿಲಮೈಡ್ ಅನ್ನುವ, ಒಳ್ಳೆಯದಲ್ಲದ ಪದಾರ್ಥವೂ ಹುಟ್ಟುತ್ತದೆ ಅಂತ 2002ರಲ್ಲಿ ಸ್ವೀಡನ್ನಿನವರು ಹೇಳಿದ ಮೇಲೆ ಜಗತ್ತೆಲ್ಲ ಗಾಬರಿಯಾಯಿತು.

ನನಗೆ ತುಂಬ ಇಷ್ಟವಾದದ್ದು ಇದರ ಹಿಂದಿನ ಕಥೆ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಲ್ಯಾಬ್ ಇದೆ. ಅಲ್ಲಿನ ಜೀವರಸಾಯನ ವಿಜ್ಞಾನಿ ಸಿಗ್ಮಂಡ್ ಶ್ವಿಮರ್ ಮತ್ತು ಜೊತೆಗಾರರು 1961ರಲ್ಲಿ ಒಂದು ವಿಷಯ ಪ್ರಕಟಿಸಿದರು: ಆಲೂಗಡ್ಡೆಯ ಒಳಗೇ ಇನ್ವರ್ಟೇಸನ್ನು ಕಟ್ಟಿಹಾಕುವ ಒಂದು ಪ್ರೋಟೀನ್ ಇದೆ. ಅಂದರೆ ಗಡ್ಡೆಯಲ್ಲಿ ಕತ್ತರಿಯೂ ಇದೆ, ಕತ್ತರಿ ಬಾಯಿಗೆ ತೊಡಿಸುವ ಒರೆಯೂ ಇದೆ! ಗಡ್ಡೆ ಅರೆದು ರಸ ತೆಗೆದು ಕಿಣ್ವ ಅಳೆದರೆ ಕಡಿಮೆ ಕಾಣುವುದಕ್ಕೆ ಈ ಒರೆಯೂ ಕಾರಣ. 1966ರಲ್ಲಿ ಪ್ರೆಸ್ಸಿ ಮತ್ತು ಶಾ ಅನ್ನುವ ಇಬ್ಬರು ಬೇರೆ ಬೇರೆ ಉಷ್ಣತೆಯಲ್ಲಿ ಗಡ್ಡೆ ಇಟ್ಟು ಎರಡನ್ನೂ ಅಳೆದರು. ಚಳಿಯಲ್ಲಿಟ್ಟರೆ ಕಿಣ್ವ ಏರುತ್ತದೆ, ತಡೆಯುವ ಪ್ರೋಟೀನ್ ಅದಕ್ಕೆ ಸಾಲದೆ ಹೋಗುತ್ತದೆ, ಸಕ್ಕರೆ ತುಂಬುತ್ತದೆ. ಮತ್ತೆ ಬೆಚ್ಚಗಿಟ್ಟರೆ ಕಿಣ್ವ ಇಳಿದು ತಡೆಯುವುದರ ಕೈ ಮೇಲಾಗುತ್ತದೆ, ಸಕ್ಕರೆಯೂ ಇಳಿಯುತ್ತದೆ.

ಈ ಚೀಲದ ಗುಟ್ಟೂ ಇಷ್ಟೇ. ಶುಗರ್ ಫ್ರೀ ಅಂತ ಮಾರುವ ಗಡ್ಡೆಯನ್ನು 2-4 ಡಿಗ್ರಿಯಲ್ಲಿ ಇಡದೆ 10ರಿಂದ 12 ಡಿಗ್ರಿಯಲ್ಲಿ ಇಡುತ್ತಾರೆ. ಅಷ್ಟು ಬೆಚ್ಚಗೆ ಇಟ್ಟರೆ ಮೊಳಕೆ ಬರುತ್ತದೆ, ಅದನ್ನು ತಡೆಯಲು ಸಿಐಪಿಸಿ ಅನ್ನುವ ಔಷಧಿಯನ್ನು ಗೋದಾಮಿನೊಳಗೆ ಹೊಗೆಯ ಹಾಗೆ ಬಿಡುತ್ತಾರೆ. ಯುರೋಪಿನವರು ಇದರ ಪರವಾನಗಿ 2019ರಲ್ಲಿ ನವೀಕರಿಸಲಿಲ್ಲ. ಉಳಿಕೆ ಇದ್ದರೆ ಬಹುಪಾಲು ಸಿಪ್ಪೆಯಲ್ಲೇ ಇರುತ್ತದೆ, ಆದ್ದರಿಂದ ಈ ಚೀಲದ ಗಡ್ಡೆಯನ್ನು ನಾನು ಸಿಪ್ಪೆ ಸಮೇತ ಬೇಯಿಸಿ ತಿನ್ನುವುದಿಲ್ಲ. ನೀವೂ ಸಿಪ್ಪೆ ತೆಗೆಯಿರಿ.

ನನ್ನ ದೊಡ್ಡ ತಕರಾರು ಇಲ್ಲೇ ಇರುವುದು. ಚೀಲದ ಮೇಲೆ ಹಸಿರು ಎಲೆ, ನಗುವ ಕುಟುಂಬ, ‘ಆರೋಗ್ಯಕ್ಕೆ ಉತ್ತಮ’ ಎಲ್ಲ ಇದೆ. ಯಾವ ತಳಿ ಅಂತ ಇಲ್ಲ. ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದರು, ಔಷಧಿ ಬಿಟ್ಟಿದ್ದಾರೋ ಇಲ್ಲವೋ, ಯಾವಾಗ ಕಿತ್ತದ್ದು, ಒಂದೂ ಇಲ್ಲ. ತಳಿ ಮುಖ್ಯ ಅಲ್ವಾ? 1998ರಲ್ಲಿ ಬಂದ ಕುಫ್ರಿ ಚಿಪ್ಸೋನಾ-1 ಚಿಪ್ಸಿಗೆಂದೇ ಮಾಡಿದ ತಳಿ. ಎಲ್ಲ ಕಡೆ ಸಿಗುವ ಕುಫ್ರಿ ಜ್ಯೋತಿ 1968ರದು, ಚಿಪ್ಸ್ ಯೋಚನೆಯಲ್ಲಿ ಹುಟ್ಟಿದ್ದಲ್ಲ. ಕಸ್ಟಮರ್ ಕೇರಿಗೆ ಕೇಳಿದೆ. "ಮೇಡಂ, ಶುಗರ್ ಫ್ರೀ ಅಂದ್ರೆ ಶುಗರ್ ಇರಲ್ಲ ಮೇಡಂ" ಅಂದ ಆ ಹುಡುಗ. ಅವನದೇನು ತಪ್ಪು ಬಿಡಿ, ಚೀಲ ಬರೆದವರನ್ನು ಹಿಡಿಯಬೇಕು.

ಅಡುಗೆಗೆ ಹೇಗೆ? ಮಸಾಲೆ ದೋಸೆ ಪಲ್ಯಕ್ಕೆ ಸೊಗಸು, ಪುಡಿಪುಡಿಯಾಗಿ ಬೇಯುತ್ತದೆ, ಸಿಹಿ ಅಡ್ಡ ಬರುವುದಿಲ್ಲ. ಬೋಂಡಕ್ಕೂ ಹಾಗೇ. ಸಾಗುವಿಗೆ, ಹುಳಿಗೆ ಬೇಡ. ಕುಕ್ಕರಲ್ಲಿ ಒಂದು ಕೂಗು ಜಾಸ್ತಿ ಆದರೆ ಕರಗಿ ಹೋಗುತ್ತದೆ, ಹೋಳು ಹುಡುಕಬೇಕು. ಅದಕ್ಕೆ ಮಾಮೂಲಿ ಗಡ್ಡೆಯೇ ಸಾಕು, 12 ರೂಪಾಯಿ ಉಳಿಸಿ.

ವಿಜ್ಞಾನಿಗಳೇನೋ ಮುಂದೆ ಹೋಗಿದ್ದಾರೆ. 1999ರಲ್ಲಿ ಜರ್ಮನಿಯವರು ತಂಬಾಕು ಗಿಡದ ಇಂಥದೇ ತಡೆಯುವ ಪ್ರೋಟೀನಿನ ಜೀನನ್ನು ಆಲೂಗಡ್ಡೆಗೆ ಹಾಕಿ ಚಳಿಯಲ್ಲೂ ಸಿಹಿಯಾಗದ ಹಾಗೆ ಮಾಡಿದರು. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇನ್ವರ್ಟೇಸಿನ ಜೀನನ್ನೇ ಸುಮ್ಮನಾಗಿಸಿ, ಆ ಗಡ್ಡೆಯ ಚಿಪ್ಸಿನಲ್ಲಿ ಆಕ್ರಿಲಮೈಡ್ 15 ಪಟ್ಟು ಇಳಿಸಿದರು. ನಮ್ಮ ಅಂಗಡಿಗೆ ಬರುವುದು ಮಾತ್ರ ಇನ್ನೂ ಚೀಲದ ಗಡ್ಡೆ ಮತ್ತು ಚೀಲವಿಲ್ಲದ ಗಡ್ಡೆ.

ಇನ್ನು ನಮ್ಮ ಮನೆಯ ಎಡವಟ್ಟು. ಮೊದಲ ದಿನ ಎರಡು ಕಿಲೋ ಕರಿದು, ಉಳಿದದ್ದನ್ನು ಬುಟ್ಟಿಯಲ್ಲಿ ಇಟ್ಟಿದ್ದೆ. ನಮ್ಮ ಯಜಮಾನರು ‘ಇಷ್ಟು ದುಡ್ಡು ಕೊಟ್ಟದ್ದು ಕೆಟ್ಟೀತು’ ಅಂತ ಫ್ರಿಡ್ಜಿನ ಕೆಳಗಿನ ಡಬ್ಬಿಗೆ ತುಂಬಿಬಿಟ್ಟರು. ಫ್ರಿಡ್ಜ್ ಅಂದರೆ ನಾಲ್ಕೈದು ಡಿಗ್ರಿ, ಆಗ್ರಾದ ಕೋಲ್ಡ್ ಸ್ಟೋರೇಜೇ. ಎರಡು ವಾರ ನನಗೆ ಗೊತ್ತೇ ಆಗಲಿಲ್ಲ. ವಿಜಯದಶಮಿಗೆ ತೆಗೆದು ಕರಿದರೆ ಕಂದು, ಸ್ಟ್ರಿಪ್ ಒತ್ತಿದರೆ ಬಣ್ಣ. ನೂರು ರೂಪಾಯಿ ಉಳಿಸಲು ಹೋಗಿ ಹೆಚ್ಚಿಗೆ ಕೊಟ್ಟದ್ದೂ ಹೋಯಿತು. ಉಳಿದ ಒಂದೂವರೆ ಕಿಲೋವನ್ನು ಮಂಚದ ಕೆಳಗೆ ಗೋಣಿ ಮೇಲೆ ಹರಡಿದೆ, ಪ್ರೆಸ್ಸಿ ಮತ್ತು ಶಾ ಮೇಲೆ ಭಾರ ಹಾಕಿ. ಮೂರು ವಾರಕ್ಕೆ ಸ್ಟ್ರಿಪ್ಪಿನ ಬಣ್ಣ ಅರ್ಧ ಇಳಿದಿತ್ತು. ಚಿಪ್ಸ್ ತಿನ್ನುವ ಹಾಗಾಯಿತು, ಮೊದಲ ದಿನದ ಹಳದಿ ಮಾತ್ರ ಬರಲಿಲ್ಲ. ನಾಲ್ಕು ಗಡ್ಡೆಯಲ್ಲಿ ಮೊಳಕೆ ಬೇರೆ.

ಚಿಪ್ಸಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್, ಚೀಲದ ಮೇಲಿನ ಬರಹಕ್ಕೆ ಒಂದು. ದೀಪಾವಳಿಗೆ ಮತ್ತೆ ಎರಡು ಚೀಲ ಹೇಳಿದ್ದೇನೆ, ಫ್ರಿಡ್ಜಿನ ಕೆಳಗಿನ ಡಬ್ಬಿಗೆ ಈಗಲೇ ಸೊಪ್ಪು ತುಂಬಿಟ್ಟಿದ್ದೇನೆ.