ಇಂಜೆಕ್ಟರ್ ಬಿಚ್ಚಲು ಹೋಗಿ ಇಂಜಿನ್ನನ್ನೇ ಕೆಡಿಸಿಕೊಂಡೆ

ಹಳೇ ಕಾರಿನ ಪೆಟ್ರೋಲ್ ಇಂಜೆಕ್ಟರ್‌ಗಳನ್ನು (ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗಗಳು) ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡೋಣ ಅಂತ ಹೊರಟವರು ಇದನ್ನೊಮ್ಮೆ ಓದಿ. ಮಾಡಲೇಬೇಡಿ ಅಂತ ಹೇಳುತ್ತಿಲ್ಲ. ನಾನು ಮಾಡಿದ ಹಾಗೆ ಮಾಡಬೇಡಿ, ಅಷ್ಟೇ.

ನನ್ನದು ನಾಲ್ಕು ಸಿಲಿಂಡರಿನ ಕಾರು. ಅದರಲ್ಲಿರುವುದು ಬಾಷ್‌ನ ಎಲ್-ಜೆಟ್ರಾನಿಕ್, 1974ರಲ್ಲಿ ಬಂದ ಇಂಜೆಕ್ಷನ್ ವ್ಯವಸ್ಥೆ. ಕಾರು ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಸ್ಟಾರ್ಟ್ ಏನೋ ಆಗುತ್ತಿತ್ತು, ಆದರೆ ಐಡಲ್‌ನಲ್ಲಿ ಕುಂಟುತ್ತಿತ್ತು, ಪೆಟ್ರೋಲ್ ವಾಸನೆ ಬೇರೆ. ಇಂಜೆಕ್ಟರಿನ ಬಾಲದಲ್ಲಿರುವ ರಬ್ಬರ್ ಹೋಸ್ ಮುಟ್ಟಿದರೆ ಸಣ್ಣ ಸಣ್ಣ ಬಿರುಕು. ನಾಲ್ಕೂ ಹೋಸ್ ಬದಲಾಯಿಸಿ, ಇಂಜೆಕ್ಟರ್ ತೊಳೆದು ಹಾಕಿದರೆ ಆಯಿತು ಅಂದುಕೊಂಡೆ. ಒಂದು ಭಾನುವಾರದ ಕೆಲಸ!

ಶುರು ಮಾಡಿದ್ದು ಸರಿಯಾಗೇ ಇತ್ತು. ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಲೈನಿನ ಒತ್ತಡ ಇಳಿಸಿದೆ. ಬ್ಯಾಟರಿ ಕಳಚಿದೆ. ಕೆಟ್ಟಿದ್ದು ಹೋಸ್ ಕೊಯ್ಯುವಾಗ. ಹಳೇ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬ್ಲೇಡನ್ನು ಜೋರಾಗಿ ಒತ್ತಿದೆ. ರಬ್ಬರ್ ಬಂತು, ಆದರೆ ಅದು ಕಚ್ಚಿಕೊಳ್ಳುವ ಹಿತ್ತಾಳೆಯ ಏಣುಗಳ ಮೇಲೆ ಉದ್ದಕ್ಕೂ ಒಂದು ಗೀರು ಬಿತ್ತು. ಕಣ್ಣಿಗೆ ಕಾಣಲೇ ಇಲ್ಲ. ಆಮೇಲೆ ಉಗುರು ಆಡಿಸಿದಾಗ ಸಿಕ್ಕಿಹಾಕಿಕೊಂಡಿತು, ಹಾಗಾಗಿ ಗೊತ್ತಾಯಿತು. ಕೂದಲಿನಷ್ಟು ತೆಳು. ಎರಡೂವರೆ ಬಾರ್ ಒತ್ತಡದ ಪೆಟ್ರೋಲಿಗೆ ಅಷ್ಟು ದಾರಿ ಸಾಕು. ಹೋಸನ್ನು ಪೂರ್ತಿ ಕೊಯ್ಯಬಾರದು. ಮೇಲಿನ ಪದರವನ್ನಷ್ಟೇ ಸೀಳಿ, ಉಳಿದದ್ದನ್ನು ಪ್ಲಯರ್‌ನಲ್ಲಿ ಹಿಡಿದು ಸಿಪ್ಪೆ ಸುಲಿದ ಹಾಗೆ ಸುಲಿಯಬೇಕು. ಹೊಸ ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಇದೆಯಾ ನೋಡಿ. ಅದು ಇಂಜೆಕ್ಷನ್‌ಗೇ ಮಾಡಿದ್ದು. ಕಾರ್ಬ್ಯುರೇಟರ್ ಕಾರಿನದ್ದನ್ನು ತಂದು ಸಿಕ್ಕಿಸಬೇಡಿ.

ಇಲ್ಲಿಗೇ ನಿಲ್ಲಿಸಿದ್ದರೆ ಒಂದು ಇಂಜೆಕ್ಟರಿನ ದುಡ್ಡು ಹೋಗುತ್ತಿತ್ತು, ಅಷ್ಟೇ. ನಿಲ್ಲಿಸಲಿಲ್ಲ.

ಮೂರನೇ ಇಂಜೆಕ್ಟರಿನ ಮೂತಿ ಒದ್ದೆಯಾಗಿತ್ತು. ಪೆಟ್ರೋಲಿನ ದಾರಿ ಮುಚ್ಚುವ ಒಳಗಿನ ಸೂಜಿ ಸರಿಯಾಗಿ ಕೂರುತ್ತಿಲ್ಲ ಅಂತ ಅನುಮಾನ ಬಂತು. ಅನುಮಾನ ಸರಿಯೇ, ಮುಂದೆ ಮಾಡಿದ್ದು ತಪ್ಪು. ಈ ಇಂಜೆಕ್ಟರಿಗೆ ಬಿಚ್ಚಲು ಸ್ಕ್ರೂ ಇಲ್ಲ, ತಿರುಗಿಸಿ ಬಿಚ್ಚುವ ಥ್ರೆಡ್ಡೂ ಇಲ್ಲ. ಕಾರ್ಖಾನೆಯಲ್ಲಿ ಲೋಹದ ಅಂಚನ್ನು ಒಳಕ್ಕೆ ಮಡಚಿ ಮುಚ್ಚಿರುತ್ತಾರೆ. ಅದೇ ಒಂದು ಸೂಚನೆ ಅಲ್ವಾ? ನನಗೆ ಹೊಳೆಯಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಸುತ್ತಲೂ ಅಂಚು ಎಬ್ಬಿಸಿದೆ. ಸ್ಪ್ರಿಂಗ್, ಸೂಜಿ, ಒಂದು ತೆಳು ಉಂಗುರ ಹೊರಬಂದವು. ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೋ ಬೇರೆ ತೆಗೆದೆ.

ಕಾಯಿಲ್‌ಗೆ ಕರೆಂಟ್ ಬಂದಾಗ ಆ ಸೂಜಿ ಏಳುವುದು ಸುಮಾರು 0.1 ಮಿಲಿಮೀಟರ್ ಮಾತ್ರ. ಏಳಲು ಒಂದರಿಂದ ಒಂದೂವರೆ ಮಿಲಿಸೆಕೆಂಡ್ ಸಾಕು. ಇಷ್ಟು ಸೂಕ್ಷ್ಮದ ವಸ್ತುವನ್ನು ನಾನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮತ್ತೆ ಮಡಚಿದೆ. ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು.

(ನಡುವೆ ಇನ್ನೊಂದು ಪೆದ್ದುತನ. ಕ್ಲಿಕ್ ಶಬ್ದ ಬರುತ್ತಾ ನೋಡಲು ಇನ್ನೊಂದು ಇಂಜೆಕ್ಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟು ಹಿಡಿದುಕೊಂಡೆ. ಇದರ ಕಾಯಿಲ್ ರೆಸಿಸ್ಟೆನ್ಸ್ ಎರಡು ಮೂರು ಓಮ್ ಅಷ್ಟೇ, ಕಾರಿನಲ್ಲಿ ಪ್ರತ್ಯೇಕ ರೆಸಿಸ್ಟರ್ ಮೂಲಕವೇ ಕರೆಂಟ್ ಬರುವುದು. ಕೈ ಸುಡುವಷ್ಟು ಬಿಸಿಯಾಗಿ ಸತ್ತುಹೋಯಿತು. ಬದಲಿಗೆ ಇನ್ನೊಂದು ಹುಡುಕಿ ತರಬೇಕಾಯಿತು.)

ಎಲ್ಲ ಜೋಡಿಸಿದೆ. ಸೋರಿಕೆ ಇದೆಯಾ ನೋಡಬೇಕು. ಈ ಕಾರಿನಲ್ಲಿ ಗಾಳಿ ಒಳಗೆ ಹೋಗದಿದ್ದರೆ ಪಂಪ್ ನಿಲ್ಲುತ್ತದೆ. ಅದಕ್ಕೆಂದೇ ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಮೀಟರಿನಲ್ಲಿ ಒಂದು ಸ್ವಿಚ್ ಇದೆ. ನಾನು ಪಂಪಿನ ರಿಲೇಗೆ ವೈರ್ ಹಾಕಿ ಆ ಸುರಕ್ಷತೆಯನ್ನೇ ದಾಟಿಸಿದೆ. ಪಂಪ್ ಗುಂಯ್ ಅಂತ ಓಡತೊಡಗಿತು. ಗೀರು ಬಿದ್ದ ಕಡೆ ಹೋಸಿನ ಅಂಚಿನಲ್ಲಿ ಒಂದು ಹನಿ ಹುಟ್ಟಿತು. ದಪ್ಪವಾಯಿತು, ಉರುಳಿತು, ಇನ್ನೊಂದು ಹುಟ್ಟಿತು. ಕ್ಲಾಂಪ್ ಬಿಗಿ ಮಾಡಿದೆ, ನೋಡಿದೆ, ಮತ್ತೆ ಬಿಗಿ ಮಾಡಿದೆ. ಐದು ನಿಮಿಷವಾದರೂ ಆಗಿರಬೇಕು. ಕೊನೆಗೆ ಹನಿ ನಿಂತಿತು, ನನಗೆ ಭಾರಿ ಖುಷಿ.

ಅಷ್ಟು ಹೊತ್ತೂ ನಾನು ಬಿಚ್ಚಿ ಮುಚ್ಚಿದ ಮೂರನೇ ಇಂಜೆಕ್ಟರ್ ಒಳಗೆ ಸುರಿಸುತ್ತಲೇ ಇತ್ತು. ಆ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದು ನಿಂತಿತ್ತು. ಪೆಟ್ರೋಲ್ ನೇರ ಪಿಸ್ಟನ್ ಮೇಲೆ ತುಂಬಿಕೊಂಡಿತು.

ಕೀ ತಿರುಗಿಸಿದೆ. ಧಡ್ ಅಂತ ನಿಂತಿತು. ಬ್ಯಾಟರಿ ವೀಕ್ ಇರಬೇಕು ಅಂದುಕೊಂಡೆ. ಎರಡನೇ ಸಲ ತಿರುಗಿಸಿದೆ. ಇನ್ಯಾವುದೋ ಸಿಲಿಂಡರ್ ಹತ್ತಿಕೊಂಡು ಇಂಜಿನ್ ಒಂದು ಎಳೆತ ಎಳೆಯಿತು, ಆಮೇಲೆ ಆ ಶಬ್ದ. ಗಾಳಿಯನ್ನು ಅದುಮಬಹುದು, ಪೆಟ್ರೋಲನ್ನು ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಮೂರನೆಯದರಿಂದ ಪೆಟ್ರೋಲ್ ಉಕ್ಕಿತು. ಇಂಜಿನ್ ಇಳಿಸಿ ನೋಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗಿತ್ತು.

ಇಂಥ ಇಂಜೆಕ್ಟರಿನಲ್ಲಿ ನಾವು ಮುಟ್ಟಬಹುದಾದದ್ದು ಹೋಸ್, ಓ-ರಿಂಗ್, ಒಳಗಿನ ಪುಟ್ಟ ಜಾಲರಿ ಫಿಲ್ಟರ್, ಮೂತಿಯ ಪ್ಲಾಸ್ಟಿಕ್ ಟೋಪಿ. ಅಷ್ಟೇ. ಸೂಜಿಯ ಕಡೆ ತೊಂದರೆ ಇದ್ದರೆ ಅಲ್ಟ್ರಾಸಾನಿಕ್ ತೊಳೆತಕ್ಕೆ ಕೊಡಿ, ಪ್ರತಿ ಇಂಜೆಕ್ಟರ್ ಎಷ್ಟು ಸುರಿಸುತ್ತದೆ, ಮುಚ್ಚಿದಾಗ ಸೋರುತ್ತದಾ ಅಂತ ಬೆಂಚಿನ ಮೇಲೆ ಅಳೆದು ಕೊಡುವವರ ಹತ್ತಿರವೇ. ಆಗಲೂ ಸೋರಿದರೆ ಹೊಸದು ಹಾಕಿ.

ಕಾರಿನಲ್ಲಿ ಪರೀಕ್ಷೆ ಮಾಡುವುದಾದರೆ ಇಂಜೆಕ್ಟರ್‌ಗಳನ್ನು ಇಂಜಿನ್ನಿಗೆ ಕೂರಿಸುವ ಮೊದಲೇ ಮಾಡಿ. ನಾಲ್ಕನ್ನೂ ಹೊರಗೆಳೆದು, ಹೊರಕ್ಕೆ ಚಿಮ್ಮದಂತೆ ಕಟ್ಟಿ, ಒಂದೊಂದರ ಕೆಳಗೂ ಗಾಜಿನ ಡಬ್ಬಿ ಇಟ್ಟು, ವೈರ್ ಕನೆಕ್ಟರ್ ತೆಗೆದು, ಆಮೇಲೆ ಪಂಪ್ ಓಡಿಸಿ. ಬಯಲಿನಲ್ಲಿ, ಇಂಜಿನ್ ತಣ್ಣಗಿರುವಾಗ, ಕಣ್ಣಿಗೆ ಕನ್ನಡಕ, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಮೂತಿಯಲ್ಲಿ ನಿಮಿಷಕ್ಕೆ ಒಂದೆರಡು ಹನಿಗಿಂತ ಜಾಸ್ತಿ ಬಿದ್ದರೆ ಅದನ್ನು ಹಾಕಲೇಬೇಡಿ.

ಇನ್ನು ಸ್ಟಾರ್ಟರ್ ಧಡ್ ಅಂತ ನಿಂತರೆ ಕೀಯಿಂದ ಕೈ ತೆಗೆಯಿರಿ. ಇಗ್ನಿಷನ್ ಪೂರ್ತಿ ಬಂದ್ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಆಯಿಲ್ ಕಡ್ಡಿಯನ್ನೂ ಎಳೆದು ಮೂಸಿ ನೋಡಿ. ನನ್ನದು ಪೆಟ್ರೋಲ್ ಬಂಕಿನ ಹಾಗೆ ನಾರುತ್ತಿತ್ತು.